ಗೌರಿ ಹಬ್ಬಕ್ಕೆ ತಮ್ಮ ಕೊಡುವ ದುಡ್ಡು: ಅತ್ತೆಯ ಪಿಂಚಣಿ ನಿಲ್ಲುತ್ತದಾ?

ಹೊಸನಗರ ಕಡೆಯಿಂದ ಕೇಳಿದ್ದು:
ನಮ್ಮ ಅತ್ತೆಗೆ 71 ವರ್ಷ. ಮಾವ ಇಲ್ಲ. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಬಿಪಿಎಲ್ ಕಾರ್ಡಿನಲ್ಲಿ ಯಜಮಾನಿ ಅವರೇ, ಹಾಗಾಗಿ ಗೃಹಲಕ್ಷ್ಮಿಯ 2,000 ಕೂಡ ಅವರ ಖಾತೆಗೇ. ಅವರ ತಮ್ಮ ಬೆಂಗಳೂರಿನ ಸೈಟ್ ಮಾರಿದ್ದಾರೆ. ಈ ಸಲ ಬಾಗಿನದ ಜೊತೆ ಅಕ್ಕನ ಖಾತೆಗೆ 1 ಲಕ್ಷ ಹಾಕುತ್ತೇನೆ ಎನ್ನುತ್ತಿದ್ದಾರೆ. ಅಷ್ಟು ದುಡ್ಡು ಬಂದರೆ ಪಿಂಚಣಿ, ಕಾರ್ಡ್ ಎರಡೂ ಹೋಗುತ್ತವೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಯಾರಿಗಾದರೂ ಹೀಗೆ ಆಗಿದ್ದರೆ ಹೇಳಿ.

ತೀರ್ಥಹಳ್ಳಿಯಿಂದ:
ಅಕ್ಕಾ, ದುಡ್ಡು ಬೇಡ ಅನ್ನಬೇಡಿ. ಆದರೆ ಅದನ್ನು ಎಲ್ಲಿ ಇಡುತ್ತೀರಿ ಎನ್ನುವುದನ್ನು ಮೊದಲೇ ಯೋಚಿಸಿ. ನಮ್ಮ ಸೋದರಮಾವ ಅಮ್ಮನಿಗೆ ಒಮ್ಮೆ 80,000 ಕಳಿಸಿದ್ದರು. ಬಡ್ಡಿಯಾದರೂ ಬರಲಿ ಎಂದು ನಾನೇ ಅಷ್ಟನ್ನೂ ಅಮ್ಮನ ಹೆಸರಿನಲ್ಲಿ ಎಫ್‌ಡಿ (ಬ್ಯಾಂಕ್ ಠೇವಣಿ) ಮಾಡಿಸಿದೆ. ಪಿಂಚಣಿದಾರರ ಪರಿಶೀಲನೆಗೆ ವಿಎ (ಗ್ರಾಮ ಲೆಕ್ಕಿಗರು) ಬಂದಾಗ ಎಫ್‌ಡಿ ಮಾತು ಬಂತು. ಮಾವ ಕಳಿಸಿದ ದುಡ್ಡಿನ ಬಗ್ಗೆ ಅವರು ಏನೂ ಕೇಳಲಿಲ್ಲ. ಜಮೀನು ಎಷ್ಟು, ಕೂಲಿ ಇದೆಯಾ, ಬೇರೆ ಪಿಂಚಣಿ ಇದೆಯಾ ಎಂದಷ್ಟೇ ಕೇಳಿ ಎಫ್‌ಡಿ ವಿಷಯ ಬರೆದುಕೊಂಡರು. ಸಂಧ್ಯಾ ಸುರಕ್ಷಾ ನಿಯಮದಲ್ಲಿ ಗಂಡ ಹೆಂಡತಿ ಇಬ್ಬರ ಠೇವಣಿ ಸೇರಿ 10,000 ದಾಟಬಾರದು ಎಂದಿದೆ. ನಮಗೆ ಅದು ಗೊತ್ತೇ ಇರಲಿಲ್ಲ.

ಐದು ತಿಂಗಳು ಪಿಂಚಣಿ ನಿಂತಿತು. ಎಫ್‌ಡಿ ಮುರಿಸಿ ಅಮ್ಮನ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಆಸ್ಪತ್ರೆ ಬಿಲ್, ಹೊಸ ಆದಾಯ ಪ್ರಮಾಣಪತ್ರ ಇಟ್ಟು ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಕೊಟ್ಟ ಮೇಲೆ ಶುರುವಾಯಿತು. 2007ರಲ್ಲಿ ಈ ಯೋಜನೆ ಬಂದಾಗ ತಿಂಗಳಿಗೆ 400 ರೂಪಾಯಿ ಕೊಡುತ್ತಿದ್ದರು. ಆ ಕಾಲದ ಮಿತಿ ಇದು. ವಯಸ್ಸಾದವರು ಆಸ್ಪತ್ರೆಗೆಂದು ನಾಲ್ಕು ಕಾಸು ಕೂಡಿಟ್ಟರೆ ತಪ್ಪಾಗುತ್ತದೆ ಎನ್ನುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಹಾಗಂತ ಮುಚ್ಚಿಡಲು ಹೋಗಬೇಡಿ. ಕೇಳಿದರೆ ಇದ್ದದ್ದು ಹೇಳಿ.

ಸಾಗರದಿಂದ:
ಗೃಹಲಕ್ಷ್ಮಿ ವಿಷಯ ಬೇರೆ. ಅಲ್ಲಿ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಿಲ್ಲ. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುತ್ತಾರಾ, ಜಿಎಸ್‌ಟಿ ರಿಟರ್ನ್ ಹಾಕುತ್ತಾರಾ ಎಂದು ನೋಡುತ್ತಾರೆ. ನನ್ನ ಅಣ್ಣ ಮನೆ ಕಟ್ಟಲು 2 ಲಕ್ಷ ಕೊಟ್ಟಿದ್ದ. ಲೆಕ್ಕಕ್ಕೆ ಒಳ್ಳೆಯದು ಎಂದು ಒಬ್ಬರು ನನ್ನ ಹೆಸರಿನಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿಸಿದರು. ಒಂದು ರೂಪಾಯಿ ತೆರಿಗೆಯೂ ಬರಲಿಲ್ಲ. ಆದರೂ ತೆರಿಗೆದಾರರ ಪಟ್ಟಿಯಲ್ಲಿ ಹೆಸರು ಬಂದು 2,000 ನಿಂತಿತು. ತೆರಿಗೆ ಕಟ್ಟಿಲ್ಲ ಎಂದು ತೋರಿಸಲು ಎಷ್ಟು ಸಲ ಬಸ್ ಹತ್ತಿದೆನೋ!

ಅಣ್ಣ ತಮ್ಮ ಕೊಟ್ಟ ದುಡ್ಡಿಗೆ, ಎಷ್ಟೇ ಇರಲಿ, ತೆರಿಗೆ ಇಲ್ಲ. ಸ್ನೇಹಿತರು, ಪರಿಚಯದವರು ಕೊಟ್ಟದ್ದು ವರ್ಷಕ್ಕೆ 50,000 ದಾಟಿದರೆ ಮಾತ್ರ ಅದು ಆದಾಯ. ನಿಮ್ಮ ಅತ್ತೆಗೆ ಈ ದುಡ್ಡಿಗಾಗಿ ಸುಮ್ನೆ ರಿಟರ್ನ್ ಹಾಕಿಸುವ ಅಗತ್ಯ ಇಲ್ಲ. ತಮ್ಮನಿಂದ ಒಂದು ಹಾಳೆಯಲ್ಲಿ ‘ಅಕ್ಕನಿಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ, ಸಾಕು.

ಶಿವಮೊಗ್ಗದಿಂದ:
ಈ ದುಡ್ಡಿಗೆ ಬೇರೆ ಖಾತೆ ತೆರೆಯೋಣ ಎಂದು ಹೊರಟರೆ ಹುಷಾರು. ನಮ್ಮ ದೊಡ್ಡಮ್ಮ ಹಾಗೆ ತೆರೆದು ಅದಕ್ಕೂ ಆಧಾರ್ ಜೋಡಿಸಿದರು. ಪಿಂಚಣಿ ಹೊಸ ಖಾತೆಗೆ ಹೋಗತೊಡಗಿತು. ಹಳೆ ಪಾಸ್‌ಬುಕ್ ನೋಡಿಕೊಂಡು, ನಿಂತೇ ಹೋಯಿತು ಎಂದು ಮೂರು ತಿಂಗಳು ಅತ್ತರು.

ಕೊಪ್ಪದಿಂದ:
ಒಂದು ಮಾತು, ಮಾರಾಯ್ರೇ. ಬಾಗಿನ ಬೇರೆ, ಅಡಿಕೆ ದುಡ್ಡು ಬೇರೆ. ನಮ್ಮ ಭಾವ ಸ್ವಂತ ತೋಟದ ಅಡಿಕೆಯನ್ನು ಅವರ ಅಕ್ಕನ ಹೆಸರಿನಲ್ಲಿ ಮಂಡಿಗೆ ಹಾಕಿ, ಅದೇ ನಿನಗೆ ಉಡುಗೊರೆ ಎಂದರು. ಮಾರಾಟದ ಪಟ್ಟಿ ಅಕ್ಕನ ಹೆಸರಿಗೆ ಬಂತು. ಅದು ಅಕ್ಕನ ಫಸಲು, ಅಕ್ಕನ ಆದಾಯವೇ ಆಯಿತಲ್ವಾ? ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ಕೊಡುವುದಿದ್ದರೆ ಮಾರಿದ ಮೇಲೆ ತಮ್ಮ ಖಾತೆಯಿಂದ ಕೊಡಲಿ. ಹಾಗೆಯೇ ಆ ದುಡ್ಡಲ್ಲಿ ಹಳೇ ಕಾರು ತೆಗೆದುಕೊಳ್ಳುವ ಯೋಚನೆ ಬೇಡ. ಮನೆಯಲ್ಲಿ ಸ್ವಂತ ಓಡಾಟದ ಕಾರು ಇದ್ದರೆ ಕಾರ್ಡ್ ಉಳಿಯುವುದಿಲ್ಲ.

ಹೊಸನಗರದವರು ಮತ್ತೆ ಬರೆದದ್ದು:
ಎಲ್ಲರಿಗೂ ತುಂಬಾ ಧನ್ಯವಾದ. ಎಫ್‌ಡಿ ವಿಷಯ ಗೊತ್ತಿರಲಿಲ್ಲ, ನಾವು ಅದನ್ನೇ ಮಾಡುವವರಿದ್ದೆವು. ನಿನ್ನೆ ಕೂತು ಮಾತಾಡಿದೆವು. ಹಿಂದಿನ ಮಾಡು ಮೂರು ಮಳೆಗಾಲದಿಂದ ಸೋರುತ್ತಿದೆ. ಮಳೆ ಬಿಟ್ಟ ಮೇಲೆ ಪಕಾಸಿ, ಹಂಚು ಎಲ್ಲ ಬದಲಿಸಬೇಕು. ತಮ್ಮನೇ ಬಂದು ನಿಂತು ಮರದ ದುಡ್ಡು, ಆಚಾರಿ ಕೂಲಿ ನೇರವಾಗಿ ಕೊಡುತ್ತಾರಂತೆ. ಅತ್ತೆ ಒಪ್ಪಿದರು. ಆದರೆ 500 ರೂಪಾಯಿ ಮಾತ್ರ ಎಲೆ ಅಡಿಕೆ ಜೊತೆ ಕೈಗೇ ಕೊಡಬೇಕು, ಮೊಬೈಲ್‌ನಲ್ಲಿ ಕಳಿಸಿದರೆ ಅದು ಬಾಗಿನ ಅಲ್ಲ ಎಂದಿದ್ದಾರೆ. ರಾತ್ರಿ ಎರಡು ಕಡುಬು ತಿಂದು ಮಲಗಿದರು.