ಫಿಟ್ಸ್ ಮಾತ್ರೆ ಮತ್ತು ಶಾಮಣ್ಣ ಚಿಕ್ಕಪ್ಪ

ವಾಟ್ಸಾಪ್ ಗುಂಪು: ಹಳೇಮನೆ ಬಳಗ

ವೆಂಕಟೇಶ: (ವಿಡಿಯೊ, ಹಲವು ಬಾರಿ ರವಾನೆಯಾಗಿದೆ) ಎಚ್ಚರಿಕೆ!! ಮಕ್ಕಳಿಗೆ ಮೂರ್ಛೆ ರೋಗದ ಮಾತ್ರೆ ಕೊಡುತ್ತಿದ್ದೀರಾ? ದೊಡ್ಡವರಾದ ಮೇಲೆ ಬೈಪೋಲಾರ್ ಎಂಬ ಹುಚ್ಚು ಖಂಡಿತ. ಔಷಧ ಕಂಪನಿಗಳು ಮುಚ್ಚಿಟ್ಟ ಸತ್ಯ. ಇಂದೇ ನಿಲ್ಲಿಸಿ. ಹತ್ತು ಜನರಿಗೆ ಕಳುಹಿಸಿ.

ವೆಂಕಟೇಶ: ರೇಖಾ, ಪೂರ್ತಿ ನೋಡಮ್ಮ. ಪುಟ್ಟಿಗೆ ಕೊಡುತ್ತಿರುವ ಔಷಧದ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ರೇಖಾ: ನೋಡಿದೆ ದೊಡ್ಡಪ್ಪ. ಕೈಕಾಲೇ ಆಡುತ್ತಿಲ್ಲ. ಎಂಟು ಗಂಟೆಗೆ ಅವಳ ಸಿರಪ್ ಕೊಡಬೇಕು. ಕೊಡಲೇ, ಬೇಡವೇ?

ಸುಧಾ: ಕೊಡು. ಎಷ್ಟು ಬರೆದಿದ್ದಾರೋ ಅಷ್ಟು, ಯಾವ ಹೊತ್ತಿಗೋ ಆ ಹೊತ್ತಿಗೆ. ಫಿಟ್ಸ್ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ನಿಲ್ಲದೇ ಹೋಗಬಹುದು, ಪ್ರಾಣಕ್ಕೇ ಎರವಾಗಬಹುದು. ಮೊದಲು ಕೊಡು, ಜಗಳ ಆಮೇಲೆ ಆಡೋಣ.

ಸುಧಾ: ವೆಂಕಟೇಶಣ್ಣ, ಆಸ್ಪತ್ರೆಯ ಔಷಧ ವಿಭಾಗದಲ್ಲಿ ತಲೆ ನರೆಸಿಕೊಂಡ ತಂಗಿ ಮನೆಯಲ್ಲೇ ಇದ್ದಾಳೆ. ಕಳುಹಿಸುವ ಮುಂಚೆ ಒಂದು ಮಾತು ಕೇಳಬಾರದಿತ್ತೇ?

ವೆಂಕಟೇಶ: ಕೇಳಿದರೆ ನೀನು ಔಷಧದ ಕಡೆಯೇ ಮಾತಾಡುತ್ತೀಯ ಎಂದು ಗೊತ್ತು. ವಿಡಿಯೊದವರು ಏನು ಬೇಕಾದರೂ ಹೇಳಲಿ, ನಮ್ಮ ಮನೆಯಲ್ಲೇ ಸಾಕ್ಷಿ ಇದೆಯಲ್ಲ. ಪ್ರಶಾಂತನಿಗೆ ಚಿಕ್ಕಂದಿನಲ್ಲಿ ಏನು ಬರುತ್ತಿತ್ತು, ಏನು ಕೊಟ್ಟರು, ಈಗ ಏನಾಗಿದೆ? ಹೆಚ್ಚು ಹೇಳುವುದಿಲ್ಲ.

ನಾಗರತ್ನ: ವೆಂಕಟೇಶ, ಇದೆಲ್ಲ ಗುಂಪಿನಲ್ಲಿ ಬೇಕೇನಪ್ಪಾ? ಹೊಸ ಬೀಗರೂ ಇದ್ದಾರೆ ಇಲ್ಲಿ.

ಪ್ರಶಾಂತ: ಇರಲಿ ಬಿಡಮ್ಮ. ಅರ್ಧ ಹೇಳಿ ಬಿಡುವುದಕ್ಕಿಂತ ಪೂರ್ತಿ ಹೇಳುವುದೇ ಮೇಲು. ಮಾವ, ನನಗೆ ಬೈಪೋಲಾರ್ ಇದೆ, ಅಂದರೆ ಮನಸ್ಸು ಕೆಲವು ಕಾಲ ಮಿತಿಮೀರಿ ಏರಿ ಉನ್ಮಾದವಾಗುವ, ಕೆಲವು ಕಾಲ ಖಿನ್ನತೆಗೆ ಇಳಿಯುವ ರೋಗ. ನಿಮ್ಮ ವಿಡಿಯೊ ಅದನ್ನು ಹುಚ್ಚು ಎನ್ನುತ್ತದೆ. ಆ ಹುಚ್ಚನೇ ಹೋದ ತಿಂಗಳು ನಿಮ್ಮ ಆದಾಯ ತೆರಿಗೆ ವಿವರ ಸಲ್ಲಿಸಿಕೊಟ್ಟದ್ದು.

ಕಿರಣ: 😀 ಸರಿಯಾಗಿ ಹೇಳಿದಿರಿ ಭಾವ.

ಪ್ರಶಾಂತ: ಇನ್ನೊಂದು ಮಾತು. ನನ್ನ ಬೈಪೋಲಾರ್‌ಗೆ ಈಗ ಬರೆದುಕೊಟ್ಟಿರುವುದು ವ್ಯಾಲ್ಪ್ರೋಯೇಟ್, ಅಂದರೆ ಫಿಟ್ಸ್‌ನ ಮಾತ್ರೆ. ಅಂಗಡಿಯಲ್ಲಿ ಚೀಟಿ ಕೊಟ್ಟಾಗಲೆಲ್ಲ ಆ ಹುಡುಗ ‘ಫಿಟ್ಸ್ ಎಷ್ಟು ವರ್ಷದಿಂದ ಸಾರ್’ ಎಂದೇ ಕೇಳುವುದು. ವಿಡಿಯೊದವರ ಲೆಕ್ಕದಲ್ಲಿ ನಾನು ರೋಗ ತರುವ ಮಾತ್ರೆಯನ್ನೇ ನುಂಗಿ ರೋಗವನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದೇನೆ.

ವೆಂಕಟೇಶ: ಅದು ಹೇಗೆ? ಎರಡು ರೋಗಕ್ಕೂ ಒಂದೇ ಮಾತ್ರೆಯೇ?

ಸುಧಾ: ಹೌದಣ್ಣ, ಅದರ ಕಥೆಯೇ ಸೊಗಸಾಗಿದೆ. ವ್ಯಾಲ್ಪ್ರೋಯೇಟಿನ ಮೂಲವಾದ ವ್ಯಾಲ್ಪ್ರೋಯಿಕ್ ಆಮ್ಲವನ್ನು ಮೊದಲು ತಯಾರಿಸಿದ್ದು 1882ರಲ್ಲಿ. ಎಂಬತ್ತು ವರ್ಷ ಅದಕ್ಕೆ ಔಷಧವೆಂಬ ಹೆಸರೇ ಇರಲಿಲ್ಲ, ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿ ಮಾತ್ರ ಬಳಕೆ. 1962ರ ಸುಮಾರಿಗೆ ಫ್ರಾನ್ಸಿನಲ್ಲಿ ಪಿಯರ್ ಐಮಾರ್ ಎಂಬಾತ ತನ್ನ ಹೊಸ ಸಂಯುಕ್ತಗಳನ್ನು ಅದರಲ್ಲಿ ಕರಗಿಸಿ ಫಿಟ್ಸ್ ವಿರುದ್ಧ ಪರೀಕ್ಷಿಸಿದಾಗ ಕರಗಿಸಿದ್ದೆಲ್ಲ ಕೆಲಸ ಮಾಡತೊಡಗಿತು. ನೋಡಿದರೆ ಕೆಲಸ ಮಾಡುತ್ತಿದ್ದದ್ದು ದ್ರವವೇ! 1966ರ ಹೊತ್ತಿಗೆ ಅದೇ ಫ್ರಾನ್ಸಿನಲ್ಲಿ ಲಂಬೇರ್ ಮತ್ತು ಸಂಗಡಿಗರು ಅದರ ಸೋದರ ಔಷಧವೊಂದನ್ನು ಉನ್ಮಾದದ ರೋಗಿಗಳಿಗೂ ಕೊಟ್ಟು ನೋಡಿದ್ದರು. ಅಮೆರಿಕ ಉನ್ಮಾದಕ್ಕೆ ವ್ಯಾಲ್ಪ್ರೋಯೇಟನ್ನು ಒಪ್ಪಿದ್ದು 1995ರಲ್ಲಿ. ಕಾರ್ಬಮಜೆಪೀನ್ ಮತ್ತು ಲಾಮೋಟ್ರಿಜಿನ್ ಎಂಬ ಫಿಟ್ಸ್ ಮಾತ್ರೆಗಳು ಕೂಡ ಹೀಗೆಯೇ ಎರಡೂ ಕಡೆ ಬಳಕೆಯಲ್ಲಿವೆ.

ವೆಂಕಟೇಶ: ಸರಿ, ಅದನ್ನು ಒಪ್ಪಿದೆ. ಆದರೆ ಫಿಟ್ಸ್ ಮಾತ್ರೆ ತಿನ್ನುವವರಲ್ಲಿ ಆತ್ಮಹತ್ಯೆಯ ಯೋಚನೆ ಬರುತ್ತದೆ ಎಂದು ಅಮೆರಿಕದ ಸರ್ಕಾರವೇ ಎಚ್ಚರಿಸಿದೆಯಂತೆ. ಇದು ವಿಡಿಯೊದಲ್ಲಿ ಇರಲಿಲ್ಲ, ನಾನೇ ಹುಡುಕಿದೆ.

ಕಿರಣ: ದೊಡ್ಡಪ್ಪ, ಅದು ನಿಜ. 2008ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 11 ಫಿಟ್ಸ್ ಔಷಧಗಳ 199 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿತು. ಮಾತ್ರೆ ತೆಗೆದುಕೊಂಡವರಲ್ಲಿ ಅಂಥ ಯೋಚನೆ ಅಥವಾ ನಡವಳಿಕೆ ಸಾವಿರಕ್ಕೆ ಸುಮಾರು ನಾಲ್ವರಲ್ಲಿ, ಹೋಲಿಕೆಗೆಂದು ಔಷಧವಿಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಸುಮಾರು ಇಬ್ಬರಲ್ಲಿ ಕಂಡಿತು. ಆದ್ದರಿಂದ ಮನಸ್ಸಿನ ಮೇಲೆ ಕಣ್ಣಿಡಲೇಬೇಕು. ಆದರೆ ಅದು ಬೈಪೋಲಾರ್ ಅಲ್ಲ. ಅದೇ ಎಚ್ಚರಿಕೆಯಲ್ಲಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ ಎಂದೂ ಇದೆ.

ರೇಖಾ: ಸಿರಪ್ ಕೊಟ್ಟೆ. ಆದರೆ ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. ಈ ಸಿರಪ್, ಅಂದರೆ ಲೆವೆಟಿರಾಸೆಟಮ್, ಶುರುವಾದ ಮೇಲೆ ಪುಟ್ಟಿ ಪುಟ್ಟಿಯಾಗಿ ಉಳಿದಿಲ್ಲ. ಮೊನ್ನೆ ಪೆನ್ಸಿಲ್ ಡಬ್ಬಿ ಸಿಗಲಿಲ್ಲವೆಂದು ತಮ್ಮನ ಮುಂಗೈ ಕಚ್ಚಿದಳು. ಹಲ್ಲಿನ ಗುರುತು ಇನ್ನೂ ಹಾಗೇ ಇದೆ. ಕಚ್ಚಿ, ತಾನೇ ಬಿಕ್ಕಿ ಬಿಕ್ಕಿ ಅತ್ತು, ‘ಅಮ್ಮಾ, ನನಗೆ ಯಾಕೆ ಹೀಗಾಗುತ್ತದೆ’ ಎಂದಳು. ಅದಕ್ಕೇ ಈ ವಿಡಿಯೊ ನೋಡಿ ಎದೆ ಧಸಕ್ಕೆಂದಿತು.

ಸುಧಾ: ಅಯ್ಯೋ, ಇದನ್ನು ಮೊದಲೇ ಹೇಳಬಾರದೇನೇ. ಆ ಔಷಧಕ್ಕೆ ಇದು ಗೊತ್ತಿರುವ ದೋಷ. ಸಿಡುಕು, ಆಕ್ರೋಶ, ಅಳು ಕೆಲವು ಮಕ್ಕಳಲ್ಲಿ ಬರುತ್ತವೆ, ಸಾಮಾನ್ಯವಾಗಿ ಶುರುವಿನ ವಾರಗಳಲ್ಲೇ. ಪ್ರಮಾಣ ಇಳಿಸಿದರೆ ಅಥವಾ ಔಷಧ ಬದಲಾಯಿಸಿದರೆ ಹೆಚ್ಚಿನವರಲ್ಲಿ ತಗ್ಗುತ್ತದೆ. ಅವಳ ಸ್ವಭಾವ ಕೆಟ್ಟಿತೆಂದೋ ಮುಂದೆ ಬೈಪೋಲಾರ್ ಬರುತ್ತದೆಂದೋ ಇದಕ್ಕೆ ಅರ್ಥವಲ್ಲ. ನಾಳೆ ಬೆಳಿಗ್ಗೆಯೇ ವೈದ್ಯರಿಗೆ ಫೋನ್ ಮಾಡು. ಮುಂದಿನ ತಪಾಸಣೆಯವರೆಗೆ ಕಾಯಬೇಡ.

ವೆಂಕಟೇಶ: ನೋಡಿದೆಯಾ ಸುಧಾ! ಔಷಧದಿಂದ ಮಗುವಿನ ಬುದ್ಧಿ ಕೆಡುತ್ತದೆ ಎಂದು ನಾನು ಹೇಳಿದ್ದೂ ಇದನ್ನೇ.

ಸುಧಾ: ನೀನು ಹೇಳಿದ್ದು ಇಂದೇ ನಿಲ್ಲಿಸಿ ಎಂದು. ನಾನು ಹೇಳುತ್ತಿರುವುದು ನಾಳೆಯೇ ಕೇಳು ಎಂದು. ಇವೆರಡೂ ನಿನಗೆ ಒಂದೇ ಆಗಿ ಕಂಡರೆ ನಾನೇನು ಮಾಡಲಿ?

ನಾಗರತ್ನ: ನನ್ನದೊಂದು ಕೇಳಿ. ಪ್ರಶಾಂತನಿಗೆ ಆಗ ಕೊಡುತ್ತಿದ್ದದ್ದು ಫಿನೋಬಾರ್ಬಿಟೋನ್. ಎಂಟು ವರ್ಷ ನನ್ನ ಕೈಯಾರೆ ಬಾಳೆಹಣ್ಣಿನೊಳಗೆ ಇಟ್ಟು ಕೊಟ್ಟಿದ್ದೇನೆ. ತರಗತಿಯಲ್ಲಿ ತೂಕಡಿಸುತ್ತಿದ್ದ, ಸಂಜೆಯಾದರೆ ಮನೆ ಹಿಡಿಸದಂತೆ ಓಡಾಡುತ್ತಿದ್ದ. ಆ ಮಾತ್ರೆಯೇ ಇವನನ್ನು ಹೀಗೆ ಮಾಡಿತೇ ಎಂದು ಇಷ್ಟು ವರ್ಷ ಮನಸ್ಸಿನಲ್ಲೇ ಕೊರಗಿದ್ದೇನೆ. ಸುಳ್ಳು ಸಮಾಧಾನ ಬೇಡ. ಗೊತ್ತಿದ್ದವರು ಹೇಳಿ.

ಕಿರಣ: ಅತ್ತೆ, ನೀವು ಕಂಡದ್ದು ಭ್ರಮೆಯಲ್ಲ. ತೂಕಡಿಕೆ, ಚಡಪಡಿಕೆ ಎರಡೂ ಫಿನೋಬಾರ್ಬಿಟೋನ್‌ನ ಗುಣವೇ. 1987ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿದ್ದ 15 ಮಕ್ಕಳನ್ನು ಕಾರ್ಬಮಜೆಪೀನ್ ತೆಗೆದುಕೊಳ್ಳುತ್ತಿದ್ದ 24 ಮಕ್ಕಳೊಂದಿಗೆ ಹೋಲಿಸಿತು. ತೀವ್ರ ಖಿನ್ನತೆ ಮೊದಲ ಗುಂಪಿನಲ್ಲಿ ನೂರಕ್ಕೆ 40, ಎರಡನೆಯದರಲ್ಲಿ 4. ಮಕ್ಕಳ ಸಂಖ್ಯೆ ಚಿಕ್ಕದು, ಆದರೂ ತಳ್ಳಿಹಾಕುವಂಥದ್ದಲ್ಲ. ಮಾತ್ರೆ ತಿನ್ನುತ್ತಿದ್ದ ದಿನಗಳ ಖಿನ್ನತೆ ಅದು. ನಿಲ್ಲಿಸಿ ಎಷ್ಟೋ ವರ್ಷವಾದ ಮೇಲೆ ಬೈಪೋಲಾರ್ ಬರುವುದಕ್ಕೆ ಅದು ಸಾಕ್ಷಿಯಾಗದು.

ಸುಧಾ: ಅಕ್ಕ, ಆಗ ಕೈಗೆಟುಕುತ್ತಿದ್ದದ್ದು ಅದೇ. ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ ರೋಗಿಗಳಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಕೊಟ್ಟೇ ಫಿಟ್ಸ್ ಹತೋಟಿಗೆ ತಂದು 2001ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಡದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಯೋಚಿಸು. ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡ ದಿನ ಮರೆತೆಯಾ?

ವೆಂಕಟೇಶ: ಹಾಗಾದರೆ ಫಿಟ್ಸ್ ಇದ್ದವರಿಗೇ ಬೈಪೋಲಾರ್ ಬರುವುದು ಯಾಕೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೀರೋ?

ಕಿರಣ: ಅಲ್ಲ. ನಂಟು ಇದ್ದೇ ಇದೆ. ಫಿನ್ಲೆಂಡಿನ ಆರೋಗ್ಯ ದಾಖಲೆಗಳಿಂದ 2015ರಲ್ಲಿ ಬಂದ ಅಧ್ಯಯನದಲ್ಲಿ, ಬೈಪೋಲಾರ್ ಇರುವವರಿಗೆ ಅಪಸ್ಮಾರವೂ (ಫಿಟ್ಸ್ ರೋಗವೂ) ಇರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಕಂಡಿತು. ಆದರೆ ಫಿಟ್ಸ್ ಇರುವವರೇ ತಾನೇ ಫಿಟ್ಸ್ ಮಾತ್ರೆ ತಿನ್ನುವುದು? ರೋಗದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ನಿಮ್ಮದೇ ಗಾದೆಯಲ್ಲಿ ಹೇಳುವುದಾದರೆ, ಕೊಂಬೆಯ ಬುಡಕ್ಕೇ ಹುಳು ಹಿಡಿದಿರಬಹುದು. ಮೆದುಳಿನ ಯಾವುದೋ ಒಂದೇ ದೌರ್ಬಲ್ಯ ಒಬ್ಬನೇ ಮನುಷ್ಯನಲ್ಲಿ ಒಮ್ಮೆ ಫಿಟ್ಸ್ ಆಗಿ, ಮತ್ತೊಮ್ಮೆ ಉನ್ಮಾದವಾಗಿ ಕಾಣಿಸಿಕೊಳ್ಳಬಹುದು. ಫಿಟ್ಸ್ ಬರುವ ಮುಂಚೆ, ಬಂದ ಮೇಲೆ ಮನಸ್ಸು ಏರಿಳಿಯುವುದೂ ಉಂಟು. ಅದನ್ನು ಬೈಪೋಲಾರ್ ಎಂದು ಎಣಿಸಿಬಿಟ್ಟರೆ ಲೆಕ್ಕ ಉಬ್ಬುತ್ತದೆ.

ಪ್ರಶಾಂತ: ಬುಡದ ಮಾತು ಬಂತಲ್ಲ, ಹಾಗಾದರೆ ಶಾಮಣ್ಣ ತಾತನ ವಿಷಯ ಯಾರೂ ಯಾಕೆ ಎತ್ತುತ್ತಿಲ್ಲ?

ವೆಂಕಟೇಶ: ಸತ್ತವರ ಸುದ್ದಿ ಯಾಕೋ ಈಗ?

ಪ್ರಶಾಂತ: ಯಾಕೆಂದರೆ ಅವರು ಒಂದು ದಿನವೂ ಫಿಟ್ಸ್ ಕಂಡವರಲ್ಲ, ಒಂದು ಮಾತ್ರೆಯನ್ನೂ ನುಂಗಿದವರಲ್ಲ. ಆದರೂ ಹಾಲು ಕರೆಯುತ್ತಿದ್ದ ಎರಡು ಎಮ್ಮೆ ಮಾರಿ ಸಂತೆಗೆ ಬಂದವರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಬಾವಿ ತೋಡಿದರು. ಆಮೇಲೆ ಮೂರು ತಿಂಗಳು ಅಟ್ಟದಿಂದ ಇಳಿಯಲಿಲ್ಲ. ಈ ಕಥೆ ಹೇಳಿ ನಮ್ಮನ್ನು ನಗಿಸುತ್ತಿದ್ದವರೇ ನೀವು ಮಾವ. ನನಗೆ ಮೊದಲ ಸಲ ಉನ್ಮಾದ ಏರಿ, ನಾಲ್ಕು ಜನ ಸ್ನೇಹಿತರ ಹೆಸರಿನಲ್ಲಿ ಸಾಲ ಮಾಡಿ ಕ್ಯಾಮೆರಾ ಕೊಂಡಾಗ ನನಗೆ ನೆನಪಾದದ್ದು ಆ ಎಮ್ಮೆಗಳು.

ನಾಗರತ್ನ: ನಮ್ಮ ಚಿಕ್ಕಪ್ಪನಿಗೂ ಇದೇ ಇತ್ತು ಎನ್ನುತ್ತೀಯಾ?

ಪ್ರಶಾಂತ: ಪರೀಕ್ಷೆ ಮಾಡದೆ ಹೇಳಲಾಗದು. ನನ್ನ ವೈದ್ಯರು ಮೊದಲು ಕೇಳಿದ್ದೇ ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು. ಆಗ ನೀನು ‘ಇಲ್ಲ’ ಎಂದೆ. ಬಾಳೆಹಣ್ಣಿನ ಮಾತ್ರೆಗೆ ಕೊರಗುವುದನ್ನು ಬಿಡಮ್ಮ, ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ ‘ಇಲ್ಲ’ದ ಮೇಲೆ.

ನಾಗರತ್ನ: ನಿನಗೆ ಹೆಣ್ಣು ನೋಡುತ್ತಿದ್ದೆವಲ್ಲೋ ಆಗ.

ಸುಧಾ: ಇದೊಂದು ಸದಾ ಅಡ್ಡ. ಫಿಟ್ಸ್ ಇದ್ದರೆ ಮದುವೆ ಸಿಂಧುವಲ್ಲ ಎಂಬ ಮಾತನ್ನು ಕಾನೂನೇ 1999ರಲ್ಲಿ ತೆಗೆದುಹಾಕಿತು. ನಮ್ಮ ಮನೆಗಳಲ್ಲಿ ಅದು ಇನ್ನೂ ಜಾರಿಯಲ್ಲಿದೆ.

ವೆಂಕಟೇಶ: ನಾನು ಒಳ್ಳೆಯದಕ್ಕೇ ಕಳುಹಿಸಿದ್ದು. ಕಂಪನಿಗಳು ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾತ್ರ ಯಾರೂ ಪ್ರಮಾಣ ಮಾಡಬೇಡಿ.

ಸುಧಾ: ನಾನು ಮಾಡುವುದಿಲ್ಲ. ರೇಖಾ, ಔಷಧ ಬದಲಿಸುವ ಮಾತು ಬಂದು ವ್ಯಾಲ್ಪ್ರೋಯೇಟ್ ಹೆಸರು ಎತ್ತಿದರೆ, ಅವಳು ಹೆಣ್ಣುಮಗು ಎಂಬ ಕಾರಣಕ್ಕೆ ಬಿಡಿಸಿ ಕೇಳು. ಅದರ ನಿಜವಾದ ಅಪಾಯ ಬೈಪೋಲಾರ್ ಅಲ್ಲ, ಮುಂದೆ ಬಸುರಿಯಾದಾಗ. ಗರ್ಭದಲ್ಲಿ ಅದಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ನೂರಕ್ಕೆ ಹತ್ತರಷ್ಟು ಅಂಗದೋಷ, ಮೂವತ್ತರಿಂದ ನಲವತ್ತರಷ್ಟು ಬೆಳವಣಿಗೆಯ ತೊಂದರೆ. ಫ್ರಾನ್ಸಿನಲ್ಲಿ ತಾಯಂದಿರಿಗೆ ಇದನ್ನು ಸರಿಯಾಗಿ ತಿಳಿಸಲಿಲ್ಲವೆಂದು ದೊಡ್ಡ ವ್ಯಾಜ್ಯವೇ ಆಯಿತು. ಅಣ್ಣ, ಮುಚ್ಚಿಟ್ಟ ಸತ್ಯ ಬೇಕಿದ್ದರೆ ಇದನ್ನು ಹತ್ತು ಜನರಿಗೆ ಕಳುಹಿಸು.

ವೆಂಕಟೇಶ: 🙏

ರೇಖಾ: ಕಚ್ಚಿದ್ದು, ಅತ್ತದ್ದು, ನಿದ್ದೆ ಎಷ್ಟು ಎಂದು ದಿನಾಂಕ ಹಾಕಿ ಬರೆಯುತ್ತಿದ್ದೇನೆ. ಮನೆತನದ ಆರೋಗ್ಯದ ವಿಷಯವನ್ನೂ ಹೇಳಬೇಕೇ ಅತ್ತೆ?

ಸುಧಾ: ಹೇಳಲೇಬೇಕು. ಮನೆಯಲ್ಲಿ ಮನೋರೋಗದ ಹಿನ್ನೆಲೆ ಇದ್ದರೆ ಔಷಧ ಆರಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ನಾಗರತ್ನ: ಶಾಮಣ್ಣ ಚಿಕ್ಕಪ್ಪನದನ್ನೂ ಹೇಳು ರೇಖಾ. ಪ್ರಶಾಂತನದನ್ನೂ ಹೇಳು.

ಪ್ರಶಾಂತ: ನಾನೇ ಜೊತೆಗೆ ಬರುತ್ತೇನೆ. ಎಷ್ಟು ಗಂಟೆಗೆ ಹೊರಡಬೇಕೆಂದು ತಿಳಿಸು.