ಮಳೆಗಾಲದಲ್ಲಿ ಹೊಗೆ ಪೆಲೆಟ್ ತಂಡಿ ಹಿಡಿಯದ ಹಾಗೆ ಇಡೋದು ಹೇಗೆ?

ಒಲೆಮುಂದೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪೆಲೆಟ್ ಸ್ಮೋಕರ್ ಇದೆ, ಅಂದ್ರೆ ಮರದ ಹೊಟ್ಟಿನ ಸಣ್ಣ ಗುಳಿಗೆಗಳನ್ನ (ಪೆಲೆಟ್) ಉರಿಸಿ ಹೊಗೆಯಲ್ಲಿ ಅಡುಗೆ ಮಾಡೋ ಯಂತ್ರ. ಚೀಸ್‌ನಂಥದ್ದಕ್ಕೆ ತಣ್ಣನೆ ಹೊಗೆ ಬೇಕಾದಾಗ ಸ್ಮೋಕ್ ಟ್ಯೂಬ್ (ಪೆಲೆಟ್ ತುಂಬಿ ಹೊಗೆಯಾಡಿಸೋ ತೂತಿನ ಕೊಳವೆ) ಬಳಸ್ತೀನಿ. ಒಣಹವೆ ಇರೋವಾಗ ಎರಡೂ ಚೆನ್ನಾಗೇ ನಡೀತವೆ. ಮಳೆ ಹಿಡಿದು ಆರ್ದ್ರತೆ ಶೇ. 85 ದಾಟಿತು ಅಂದ್ರೆ ಟ್ಯೂಬ್ ಅರ್ಧಕ್ಕೇ ಆರಿಹೋಗುತ್ತೆ. ಉರಿದಷ್ಟು ಹೊತ್ತೂ ದಟ್ಟ ಬಿಳಿ ಹೊಗೆ, ಚೀಸ್ ಬಾಯಿಗಿಡೋಕಾಗದಷ್ಟು ಕಹಿ. ಪೆಲೆಟ್ ಮುರಿದ್ರೆ ಪಟ್ ಅನ್ನಲ್ಲ, ಮೆತ್ತಗೆ ಬಿರಿಯುತ್ತೆ. ಮೈಮೇಲಿನ ಹೊಳಪೂ ಹೋಗಿದೆ.

20 ಲೀಟರ್ ಪ್ಲಾಸ್ಟಿಕ್ ಬಕೆಟ್‌ಗೆ ಮುಚ್ಚಳ ಹಾಕಿ ಇಡ್ತೀನಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣಗಳೂ ಇವೆ. ಹಾಪರ್‌ನಲ್ಲಿ (ಸ್ಮೋಕರ್‌ಗೆ ಪೆಲೆಟ್ ತುಂಬೋ ಪೆಟ್ಟಿಗೆ) ಉಳಿದದ್ದನ್ನ ಮಾರನೇ ದಿನ ತೆಗೆದು ಬಕೆಟ್‌ಗೇ ಸುರೀತೀನಿ. ಪದೇ ಪದೇ ಮುಚ್ಚಳ ತೆಗೆಯೋದ್ರಿಂದ ಒದ್ದೆ ಗಾಳಿ ಒಳಗೆ ಹೋಗ್ತಿದೆ ಅಂತ ಅನುಮಾನ. ಜೆಲ್ ಜಾಸ್ತಿ ಹಾಕಿದ್ರೆ ಸರಿಹೋಗುತ್ತಾ?

ಬೂದಿಬುಟ್ಟಿ:
ಮುಚ್ಚಳದ ಅಂಚಲ್ಲಿ ರಬ್ಬರ್ ರಿಂಗ್ ಇದೆಯಾ? ಇಲ್ಲದಿದ್ರೆ ಮೊದಲು ಅದನ್ನ ಬದಲಾಯಿಸಿ. ತಿರುಗಿಸಿ ಬಿಗಿ ಮಾಡೋ ಮುಚ್ಚಳ ಆದ್ರೆ ಇನ್ನೂ ಒಳ್ಳೇದು. ಅಂಗಡಿಯಿಂದ ಬರೋ ಚೀಲದಲ್ಲೇ ಬಿಡೋದಂತೂ ಬೇಡ, ಎಷ್ಟೋ ಚೀಲಗಳಿಗೆ ಗಾಳಿ ಹೋಗಲಿ ಅಂತ ಸಣ್ಣ ತೂತುಗಳಿರುತ್ತವೆ.

ಹೊಗೆಗೂಡು:
ರಬ್ಬರ್ ರಿಂಗ್ ಮಾತು ಸರಿ. ಆದ್ರೆ ಮುಚ್ಚಳ ತೆಗೆಯೋದರ ಬಗ್ಗೆ ಚಿಂತೆ ಬಿಡಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 90 ಆರ್ದ್ರತೆ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿರೋ ನೀರು ಸುಮಾರು 27 ಗ್ರಾಂ. ಮುಚ್ಚಳ ತೆಗೆದಾಗ ಹತ್ತು ಲೀಟರ್ ಗಾಳಿ ಬದಲಾಯ್ತು ಅಂದ್ಕೊಂಡ್ರೂ ಒಳಗೆ ಹೋಗಿದ್ದು ಕಾಲು ಗ್ರಾಂ ಚಿಲ್ಲರೆ ನೀರು. ಬಕೆಟ್‌ನಲ್ಲಿರೋ ಹನ್ನೆರಡು ಕಿಲೋ ಪೆಲೆಟ್‌ಗೆ ಅದು ಲೆಕ್ಕಕ್ಕೇ ಇಲ್ಲ.

ನನ್ನ ಅನುಮಾನ ಎಲ್ಲಾ ಆ ಹಾಪರ್ ಮೇಲೆ. ಹಾಪರ್ ಮುಚ್ಚಳ ಗಾಳಿ ತಡೆಯಲ್ಲ. ರಾತ್ರಿಯಿಡೀ ಅದರಲ್ಲಿ ಕೂತ ಪೆಲೆಟ್ ಸುತ್ತಲಿನ ಗಾಳಿಯಿಂದ ನೀರು ಕುಡೀತಾನೇ ಇರುತ್ತೆ. ಅದನ್ನ ಬಕೆಟ್‌ಗೆ ಸುರಿದ್ರೆ ನೀರನ್ನೂ ಜೊತೆಗೆ ಸುರಿದಂತೆ. ಮೇಲೆ ಮುಚ್ಚಳ ಎಷ್ಟು ಬಿಗಿಯಾಗಿದ್ರೂ ಆ ನೀರು ಉಳಿದ ಪೆಲೆಟ್‌ಗಳಿಗೆ ನಿಧಾನಕ್ಕೆ ಹಂಚಿಹೋಗುತ್ತೆ.

ಪೆಲೆಟ್ ಅಂದ್ರೆ ಒತ್ತಿದ ಮರದ ಹೊಟ್ಟು. ಬಿಸಿಗೂ ಒತ್ತಡಕ್ಕೂ ಮರದ ಲಿಗ್ನಿನ್ ಮೆತ್ತಗಾಗಿ ಆಮೇಲೆ ಗಟ್ಟಿಯಾಗುತ್ತೆ, ಅದೇ ಅಂಟು. ಒಳ್ಳೆಯ ಪೆಲೆಟ್‌ನಲ್ಲಿ ತೇವಾಂಶ ಶೇ. 10ಕ್ಕಿಂತ ಕಡಿಮೆ ಇರಬೇಕು. ಆದ್ರೆ ಮರದ ಗುಣವೇ ಸುತ್ತಲಿನ ಗಾಳಿಗೆ ಹೊಂದಿಕೊಳ್ಳೋದು. ಶೇ. 50 ಆರ್ದ್ರತೆಯಲ್ಲಿ ಸಾಮಾನ್ಯ ಮರ ಶೇ. 9ರ ಆಸುಪಾಸಿಗೆ ಬಂದು ನಿಲ್ಲುತ್ತೆ, ಶೇ. 80ರಲ್ಲಿ 16ರ ಹತ್ತಿರ. ಪೆಲೆಟ್ ಇದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಒದ್ದೆ ಮರ ಉರಿಯೋವಾಗ ಶಾಖವೆಲ್ಲ ನೀರನ್ನ ಆವಿ ಮಾಡೋಕೆ ಖರ್ಚಾಗಿ ಕೆಂಡ ತಣ್ಣಗಾಗುತ್ತೆ. ನಿಮ್ಮ ಬಿಳಿ ಹೊಗೆ, ಕಹಿ ಎರಡೂ ಅಲ್ಲಿಂದ ಬಂದದ್ದು.

ಇದೇ ಗುಣವನ್ನ ನಮಗೆ ಬೇಕಾದ ಹಾಗೆ ಬಳಸಬಹುದು. ಬಕೆಟ್ ಒಳಗೆ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ಆರ್ದ್ರತೆ ಅಳೆಯೋ ಸಾಧನ) ಇಟ್ಟು ಮುಚ್ಚಿ, ಒಂದು ದಿನ ಬಿಟ್ಟು ನೋಡಿ. ಒಳಗಿನ ಗಾಳಿ ಪೆಲೆಟ್‌ನ ತೇವಾಂಶಕ್ಕೆ ಹೊಂದಿಕೊಂಡಿರುತ್ತೆ. ಶೇ. 50ರೊಳಗೆ ತೋರಿಸಿದ್ರೆ ನೆಮ್ಮದಿ. 65 ದಾಟಿದ್ರೆ ಟ್ಯೂಬ್‌ಗೆ ಹಾಕೋ ಮೊದಲು ಒಣಗಿಸಲೇಬೇಕು. ನಾನು ಪ್ರತಿ ಬಕೆಟ್‌ಗೂ ಒಂದೊಂದು ಇಟ್ಟಿದ್ದೀನಿ, ಕೈಯಲ್ಲಿ ಮುರಿದು ನೋಡೋದಕ್ಕಿಂತ ಇದು ಎಷ್ಟೋ ನಂಬಿಕೆಯದ್ದು.

ಜೆಲ್ ವಿಷಯ. ಹನ್ನೆರಡು ಕಿಲೋ ಪೆಲೆಟ್‌ನ ತೇವಾಂಶ ಶೇ. 3ರಷ್ಟು ಇಳಿಸಬೇಕು ಅಂದ್ರೆ ತೆಗೆಯಬೇಕಾದ ನೀರು 350 ಗ್ರಾಂಗೂ ಹೆಚ್ಚು. ಅದಕ್ಕೆ ಒಂದೂವರೆ ಕಿಲೋ ಜೆಲ್ ಕೂಡ ಸಾಲೋದು ಕಷ್ಟ. ಹಾಗಾಗಿ ಪೊಟ್ಟಣಗಳು ಒಣಗಿದ್ದನ್ನ ಕಾಯ್ತವೆ, ಒದ್ದೆಯಾದದ್ದನ್ನ ಒಣಗಿಸಲ್ಲ. ಹಾಕೋದಾದ್ರೆ ಕಿತ್ತಳೆಯಿಂದ ಹಸಿರಿಗೆ ಬಣ್ಣ ಬದಲಾಗೋದನ್ನ ತಗೊಳ್ಳಿ, 120 ಡಿಗ್ರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ತಿನ್ನೋ ಪದಾರ್ಥಕ್ಕೆ ಹೊಗೆ ಕೊಡೋ ಮರದ ಹತ್ತಿರ ಅದು ದಯವಿಟ್ಟು ಬೇಡ.

ಒಲೆಮುಂದೆ:
ತುಂಬಾ ಉಪಕಾರ. ಹೈಗ್ರೋಮೀಟರ್ ಇಟ್ಟು ನೋಡಿದೆ, 71 ತೋರಿಸ್ತಿದೆ. ಈಗಿರೋದನ್ನ ಒಲೆಯಲ್ಲಿ ಒಣಗಿಸಬಹುದಾ? ಮೈಕ್ರೋವೇವ್ ಆಗುತ್ತಾ?

ಹೊಗೆಗೂಡು:
ಮೈಕ್ರೋವೇವ್ ಬೇಡ. ಶಾಖ ಒಂದೇ ಸಮ ಹರಡಲ್ಲ, ಒಂದು ಪೆಲೆಟ್‌ನ ಹೊಟ್ಟೆಯಲ್ಲೇ ಕಿಡಿ ಹತ್ತಬಹುದು. ಓವನ್ 100 ಡಿಗ್ರಿಗೆ ಇಟ್ಟು, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಪುಡಿಯನ್ನ ಮೊದಲೇ ಜರಡಿ ಹಿಡಿದು ತೆಗೆದುಬಿಡಿ. ಆವಿ ಹೋಗೋಕೆ ಬಾಗಿಲು ಒಂಚೂರು ತೆರೆದಿರಲಿ, ನೀವೂ ಅಲ್ಲೇ ಇರಿ. ಮೊದಲು ಸ್ವಲ್ಪ ತೂಕ ಮಾಡಿಟ್ಕೊಳ್ಳಿ. 100 ಗ್ರಾಂ ತೂಗಿದ್ದು ಒಣಗಿ 88ಕ್ಕೆ ಬಂದು ನಿಂತರೆ ಅದರಲ್ಲಿದ್ದ ತೇವಾಂಶ ಶೇ. 12 ಅಂತ ಗೊತ್ತಾಗುತ್ತೆ. ಓವನ್ ಆರಿಸಿ ಬಾಗಿಲು ಮುಚ್ಚಿ, ಒಳಗೇ ಉಗುರುಬೆಚ್ಚಗಾಗೋವರೆಗೆ ಬಿಡಿ. ಆಮೇಲೆ ನೇರ ಬಕೆಟ್‌ಗೆ. ಬಿಸಿಬಿಸಿ ತುಂಬಿ ಮುಚ್ಚಿದ್ರೆ ಉಳಿದ ಆವಿ ಮುಚ್ಚಳದಡಿ ಹನಿಗಟ್ಟುತ್ತೆ.

ಇದು ಟ್ಯೂಬ್‌ಗೆ ಬೇಕಾದ ಒಂದೆರಡು ಹಿಡಿಗೆ ಸರಿ. ಪೂರ್ತಿ ಬಕೆಟ್ ಒಣಗಿಸೋದು ಶ್ರಮಕ್ಕೆ ತಕ್ಕದ್ದಲ್ಲ ಅನ್ನೋದು ನನ್ನ ಅಭಿಪ್ರಾಯ. ಬೇಗ ಬಳಸಿ ಮುಗಿಸಿ, ಹೊಸದನ್ನ ಹೊಸ ಬಕೆಟ್‌ಗೆ ತುಂಬಿ.

ಕೆಂಡದಕಣ್ಣು:
ಒಂದು ಮಾತು ಸೇರಿಸ್ತೀನಿ. ಒಮ್ಮೆ ಉಬ್ಬಿ ಬಿರುಕು ಬಿಟ್ಟ ಪೆಲೆಟ್ ಒಣಗಿದ್ರೂ ಮೊದಲಿನ ಆಕಾರಕ್ಕೆ ಬರಲ್ಲ. ಅದನ್ನ ಹಾಪರ್‌ಗೆ ಹಾಕಬೇಡಿ, ಪುಡಿಯಾಗಿ ಆಗರ್‌ನಲ್ಲಿ (ಪೆಲೆಟ್‌ನ ಬೆಂಕಿಯ ಕಡೆ ತಳ್ಳೋ ತಿರುಪು) ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಯಂತ್ರ ಬಿಚ್ಚದೆ ಬೇರೆ ದಾರಿಯಿಲ್ಲ. ಟ್ಯೂಬ್‌ಗೂ ಹೊಗೆ ತಟ್ಟೆಗೂ ಪರವಾಗಿಲ್ಲ. ಮುಗ್ಗಲು ವಾಸನೆ ಬಂದ್ರೆ, ಬೂಷ್ಟು ಕಂಡ್ರೆ ಒಣಗಿಸೋಕೂ ಹೋಗಬೇಡಿ, ಎಸೆದುಬಿಡಿ. ಮತ್ತೆ ಹಾಪರ್ ಖಾಲಿ ಮಾಡೋದು ಅಡುಗೆ ಮುಗಿದು ಸ್ಮೋಕರ್ ಪೂರ್ತಿ ತಣಿದ ಮೇಲೆ, ಅದೇ ದಿನ. ತೆಗೆದದ್ದಕ್ಕೆ ಬೇರೆಯೇ ಸಣ್ಣ ಡಬ್ಬಿ ಇಟ್ಕೊಂಡು ಮುಂದಿನ ಸಲ ಮೊದಲು ಅದನ್ನೇ ಸುರೀರಿ, ದೊಡ್ಡ ಬಕೆಟ್‌ಗೆ ವಾಪಸ್ ಹೋಗೋದೇ ಬೇಡ.