ಪಿಎಚ್ 8.5ರ ಬಫರ್‌ನಲ್ಲಿ ಡಿಟಿಟಿ ಇದ್ದರೂ ಪ್ರೋಟೀನ್ ಡೈಮರ್ ಆಗ್ತಿದೆ

ಪ್ರಶ್ನೆ:
ನಮ್ಮ ಪ್ರೋಟೀನ್‌ನ ಹೊರಮೈಯಲ್ಲಿ ಎರಡು ಸಿಸ್ಟೀನ್ (ಗಂಧಕ ಇರುವ ಅಮೈನೋ ಆಮ್ಲ) ಇವೆ. ನಿಕ್ಕಲ್ ಕಾಲಂನಿಂದ ಇಳಿಸಿಕೊಂಡು, ಪಿಎಚ್ 8.5ರ ಟ್ರಿಸ್ ಬಫರ್‌ನಲ್ಲಿ 1 ಮಿಲಿಮೋಲಾರ್ ಡಿಟಿಟಿ (ಡೈಥಯೋಥ್ರೈಟಾಲ್, ಸಿಸ್ಟೀನ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುವ ರೆಡ್ಯೂಸಿಂಗ್ ಏಜೆಂಟ್) ಜೊತೆ ಫ್ರಿಜ್‌ನಲ್ಲಿ ಇಡುತ್ತೇವೆ. ಮೊದಲ ದಿನ ತಿಳಿಯಾಗಿರುತ್ತದೆ, ಆಮೇಲೆ ಮಬ್ಬು. ಮರ್ಕ್ಯಾಪ್ಟೋಎಥನಾಲ್ (ಇದೂ ರೆಡ್ಯೂಸಿಂಗ್ ಏಜೆಂಟ್) ಇಲ್ಲದೆ ಜೆಲ್ ಓಡಿಸಿದರೆ ಡೈಮರ್ (ಎರಡು ಪ್ರೋಟೀನ್ ಅಣು ಅಂಟಿದ ಜೋಡಿ) ಬ್ಯಾಂಡ್ ದಪ್ಪಗೆ ಕಾಣುತ್ತದೆ. ಹಾಕಿ ಕುದಿಸಿದರೆ ಒಂದೇ ಬ್ಯಾಂಡ್. ಡಿಟಿಟಿ ಜಾಸ್ತಿ ಮಾಡಿದರೆ ಸಾಕಾ? ಮುಂದೆ ಪಿಎಚ್ 5.5ರ ಅಸಿಟೇಟ್‌ಗೂ ಹೋಗಬೇಕು.

ಉತ್ತರ:
ಜೆಲ್ ನೋಡಿದರೆ ಇದು ಡೈಸಲ್ಫೈಡ್ (ಎರಡು ಸಿಸ್ಟೀನ್‌ಗಳ ಗಂಧಕದ ನಡುವಿನ ಬಂಧ) ಅನ್ನುವುದು ಸ್ಪಷ್ಟ. ಡಿಟಿಟಿ ಜಾಸ್ತಿ ಮಾಡಿ ಉಪಯೋಗವಿಲ್ಲ, ಆ ಪಿಎಚ್‌ನಲ್ಲಿ ಅದು ಬಾಳುವುದೇ ಇಲ್ಲ. 20 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯ ಪಿಎಚ್ 6.5ರಲ್ಲಿ ಸುಮಾರು 40 ಗಂಟೆ, 7.5ರಲ್ಲಿ 10 ಗಂಟೆ, 8.5ರಲ್ಲಿ ಬರೀ 1.4 ಗಂಟೆ. ಹತ್ತು ಪಟ್ಟು ಸುರಿದರೂ ಐದು ಗಂಟೆಯೊಳಗೆ ಮತ್ತೆ ಈಗಿನ ಮಟ್ಟಕ್ಕೇ ಇಳಿಯುತ್ತದೆ. ಫ್ರಿಜ್‌ನ ತಂಪು ಇದನ್ನು ನಿಧಾನ ಮಾಡುತ್ತದೆ, ನಿಜ. ಆದರೆ 25 ಡಿಗ್ರಿಯಲ್ಲಿ 8.5ಕ್ಕೆ ಹೊಂದಿಸಿದ ಟ್ರಿಸ್ 4 ಡಿಗ್ರಿಯಲ್ಲಿ 9 ದಾಟುತ್ತದೆ, ಗಮನಿಸಿ.

ಇನ್ನೊಂದು ಅನುಮಾನ ನಿಕ್ಕಲ್ ಮೇಲೆ. ಕಾಲಂನಿಂದ ಸೋರಿ ಬಂದ ನಿಕ್ಕಲ್ ಡಿಟಿಟಿಯನ್ನು ಬೇಗ ಆಕ್ಸಿಡೈಸ್ ಮಾಡಿಬಿಡುತ್ತದೆ. ಟಿಸಿಇಪಿ ಅನ್ನುವ ಇನ್ನೊಂದು ರೆಡ್ಯೂಸಿಂಗ್ ಏಜೆಂಟ್‌ಗೆ ಆ ಕಾಟ ಇಲ್ಲ. ನಿಮ್ಮ ಪ್ರೋಟೀನ್‌ಗೆ ಲೋಹ ಬೇಡವಾದರೆ, ಕಾಲಂ ಮುಗಿದ ಮೇಲೆ 1 ಮಿಲಿಮೋಲಾರ್ ಇಡಿಟಿಎ (ಲೋಹವನ್ನು ಹಿಡಿದಿಡುವ ರಾಸಾಯನಿಕ) ಸೇರಿಸಿ. ಕಾಲಂ ಓಡುವಾಗ ಮಾತ್ರ ಬೇಡ, ನಿಕ್ಕಲ್ಲೇ ಕಿತ್ತು ಬರುತ್ತದೆ.

ಪಿಎಚ್ 5.5ರಲ್ಲಿ ಕಥೆ ಉಲ್ಟಾ. ಡಿಟಿಟಿ ಉಳಿಯುತ್ತದೆ, ಕೆಲಸ ಮಾಡುವುದಿಲ್ಲ. ಅದರ ಥಯಾಲ್ (ಗಂಧಕ-ಹೈಡ್ರೋಜನ್ ಗುಂಪು) ತನ್ನ ಪ್ರೋಟಾನ್ ಬಿಟ್ಟಾಗಲೇ ಅದು ಡೈಸಲ್ಫೈಡ್ ಮೇಲೆ ಬೀಳುವುದು. ಡಿಟಿಟಿಯ ಮೊದಲ ಪಿಕೆಎ (ಅರ್ಧದಷ್ಟು ಪ್ರೋಟಾನ್ ಬಿಟ್ಟಿರುವ ಪಿಎಚ್) 9.2ರ ಆಸುಪಾಸು. ಅಂದರೆ 5.5ರಲ್ಲಿ ಐದು ಸಾವಿರಕ್ಕೆ ಒಂದರಷ್ಟು ಮಾತ್ರ ಸಿದ್ಧವಾಗಿರುತ್ತದೆ.

ಹಾಗಾಗಿ ಎರಡೂ ಕಡೆಗೆ ನಾನು ಟಿಸಿಇಪಿಯನ್ನೇ ಹೇಳುತ್ತೇನೆ. ಪಿಎಚ್ 1.5ರಿಂದ 8.5ರವರೆಗೆ ಕೆಲಸ ಮಾಡುತ್ತದೆ, 0.5ರಿಂದ 1 ಮಿಲಿಮೋಲಾರ್ ಸಾಕು. ಆದರೆ ಅದರ ಹೈಡ್ರೋಕ್ಲೋರೈಡ್ ಪುಡಿಯನ್ನು ನೀರಲ್ಲಿ ಕರಗಿಸಿದರೆ ಪಿಎಚ್ 2.5ರ ಹತ್ತಿರ ಇರುತ್ತದೆ. ಸ್ಟಾಕ್‌ಗೆ ಮೊದಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಸರಿಮಾಡಿ, ಇಲ್ಲದಿದ್ದರೆ ಬಫರ್ ಕುಸಿಯಬಹುದು. ಫಾಸ್ಫೇಟ್ ಬಫರ್‌ನಲ್ಲಿ ಮಾತ್ರ ದಿನಗಟ್ಟಲೆ ಇಡಬೇಡಿ, ನ್ಯೂಟ್ರಲ್ ಪಿಎಚ್‌ನಲ್ಲಿ ಅಲ್ಲಿ ಅದೂ ಆಕ್ಸಿಡೈಸ್ ಆಗುತ್ತದೆ. ಪ್ರೋಟೀನ್ ತಡೆದುಕೊಂಡರೆ ಶೇಖರಣೆಗೆ ಪಿಎಚ್ 7.5ರ ಹೆಪೆಸ್ ಬಫರ್ ನೋಡಿ.

ಮರುಪ್ರಶ್ನೆ:
ಧನ್ಯವಾದ. ಡಿಟಿಟಿ ಇದ್ದ ಸ್ಯಾಂಪಲ್‌ನಲ್ಲಿ 280 ನ್ಯಾನೋಮೀಟರ್ ರೀಡಿಂಗ್ ದಿನೇ ದಿನೇ ಏರುತ್ತಿತ್ತು. ಅದೂ ಇದರಿಂದಲೇನಾ?

ಉತ್ತರ:
ಒಂದು ಭಾಗ ಹೌದು. ಆಕ್ಸಿಡೈಸ್ ಆದ ಡಿಟಿಟಿ ಅಲ್ಲೇ ಬೆಳಕು ಹೀರುತ್ತದೆ. 1 ಮಿಲಿಮೋಲಾರ್ ಪೂರ್ತಿ ಆಕ್ಸಿಡೈಸ್ ಆದರೆ 1 ಸೆಂಟಿಮೀಟರ್ ಕ್ಯೂವೆಟ್‌ನಲ್ಲಿ 0.27ರಷ್ಟು ಸೇರಿಕೊಳ್ಳುತ್ತದೆ. ಮಬ್ಬಿನಿಂದ ಬೆಳಕು ಚದುರಿದರೂ ರೀಡಿಂಗ್ ಏರುತ್ತದೆ. ಸ್ಯಾಂಪಲ್ ಸ್ಪಿನ್ ಮಾಡಿ, ಅಷ್ಟೇ ದಿನ ಇಟ್ಟ ಅದೇ ಬಫರ್ ಅನ್ನು ಬ್ಲಾಂಕ್ ಮಾಡಿ ಮತ್ತೆ ಅಳೆಯಿರಿ. ಮುಂದಿನ ನಾನ್-ರೆಡ್ಯೂಸಿಂಗ್ ಜೆಲ್‌ಗೆ ಕುದಿಸುವ ಮುಂಚೆ ಅಯೋಡೋಅಸಿಟಮೈಡ್ ಹಾಕಿ ಥಯಾಲ್ ಮುಚ್ಚಿ. ಸುಮ್ನೆ ಕುದಿಸಿದರೆ ಆಗಲೇ ಹೊಸ ಡೈಸಲ್ಫೈಡ್ ಹುಟ್ಟಬಹುದು. ಸ್ಯಾಂಪಲ್‌ನಲ್ಲಿರುವ ರೆಡ್ಯೂಸಿಂಗ್ ಏಜೆಂಟ್‌ಗಿಂತ ಅಯೋಡೋಅಸಿಟಮೈಡ್ ಜಾಸ್ತಿಯೇ ಇರಲಿ.